ತೂಕ ಜಾಸ್ತಿ ಇರುವವರ ಹಾಕಿ ಸ್ಕೇಟ್: ಸಾಣೆ ಮತ್ತು ಪ್ರೊಫೈಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆನಡಾದ ಮಿಸ್ಸಿಸಾಗಾದಲ್ಲಿ ಇದ್ದೇನೆ, ತೂಕ 106 ಕೆಜಿ. ಮಗನನ್ನು ಐಸ್ ಹಾಕಿಗೆ ಸೇರಿಸಲು ಹೋಗಿ, ಗಾಜಿನ ಆಚೆ ನಿಂತು ನೋಡಿ ನೋಡಿ, ಮೂವತ್ತೆಂಟನೇ ವಯಸ್ಸಿನಲ್ಲಿ ನಾನೂ ಸ್ಕೇಟ್ ಕಟ್ಟಿದೆ. ಈಗ ವಾರಕ್ಕೆರಡು ಸಲ ಆಡುತ್ತೇನೆ. ನಮ್ಮ ಕಡೆಯಿಂದ ಬಂದು ಇಲ್ಲಿ ಆಟ ಶುರು ಮಾಡುವವರಲ್ಲಿ ತುಂಬಾ ಜನ ನನ್ನ ಹಾಗೇ ಗಟ್ಟಿ ಮೈಯವರು. ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ತೂಕಕ್ಕೂ ಸಾಣೆಗೂ ಏನು ಸಂಬಂಧ?

ತುಂಬಾ ಸಂಬಂಧ ಇದೆ, ಆದರೆ ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಸ್ಕೇಟ್ ಕೊಟ್ಟರೆ ಸುಮ್ನೆ ಅರ್ಧ ಇಂಚಿಗೆ ಸಾಣೆ ಹಿಡಿದು ವಾಪಸ್ ಕೊಡುತ್ತಾರೆ, ಅರವತ್ತು ಕೆಜಿಯ ಹುಡುಗನಿಗೂ ಅದೇ, ನೂರಾಹತ್ತು ಕೆಜಿಯ ಮನುಷ್ಯನಿಗೂ ಅದೇ.

ಹಾಕಿ ಸ್ಕೇಟಿನ ಸ್ಟೀಲ್, ಅಂದರೆ ಬೂಟಿನ ಕೆಳಗೆ ಐಸಿಗೆ ತಾಗುವ ಲೋಹದ ಪಟ್ಟಿ, ನಮ್ಮ ಅಡುಗೆಮನೆಯ ಚಾಕುವಿನ ಹಾಗೆ ಒಂದೇ ಅಂಚಿನದ್ದಲ್ಲ. ಅದರ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಗುಳಿ ಇರುತ್ತದೆ, ಆ ಗುಳಿಯ ಎರಡೂ ಬದಿಯಲ್ಲಿ ಒಂದೊಂದು ಅಂಚು. ಈ ಗುಳಿಯನ್ನೇ ಹಾಲೋ ಅನ್ನುವುದು. ಗುಳಿ ಆಳವಾದಷ್ಟೂ ಅಂಚು ಚೂಪಾಗಿ ಐಸನ್ನು ಗಟ್ಟಿಯಾಗಿ ಕಚ್ಚುತ್ತದೆ. ಈಗ ಯೋಚನೆ ಮಾಡಿ. ಅಂಚು ಐಸಿಗೆ ಇಳಿಯುವುದು ಯಾವುದರಿಂದ? ಮೇಲಿರುವ ಭಾರದಿಂದ. ಭಾರ ಜಾಸ್ತಿ ಇದ್ದರೆ ಅದೇ ಅಂಚು ಇನ್ನೂ ಆಳಕ್ಕೆ ಇಳಿಯುತ್ತದೆ. ಅಂದರೆ ತೂಕ ಇರುವವನಿಗೆ ಹಿಡಿತ ತನ್ನ ಮೈಯಿಂದಲೇ ಬರುತ್ತದೆ, ಸಾಣೆಯಿಂದ ಮತ್ತೆ ಅಷ್ಟೇ ಹಿಡಿತ ಸೇರಿಸಿದರೆ ಅದು ಬ್ರೇಕ್ ಹಾಕಿಕೊಂಡೇ ಗಾಡಿ ಓಡಿಸಿದ ಹಾಗೆ. ಜಾರುವುದು ಕಡಿಮೆ, ಕಾಲಿನ ಸುಸ್ತು ಜಾಸ್ತಿ.

ಅರ್ಧ ಇಂಚು, ಮುಕ್ಕಾಲು ಇಂಚು ಅನ್ನುತ್ತಾರಲ್ಲ, ಅದು ಎಲ್ಲಿಯ ಅಳತೆ? ಅಷ್ಟು ಆಳದ ಗುಳಿ ಸ್ಟೀಲಿನಲ್ಲಿ ಕಾಣುವುದೇ ಇಲ್ಲವಲ್ಲ?

ಇದು ಗುಳಿಯ ಆಳ ಅಲ್ಲ. ಅರ್ಧ ಇಂಚು ತ್ರಿಜ್ಯದ ಒಂದು ವೃತ್ತ ಬರೆದು, ಅದರ ಸಣ್ಣ ತುಣುಕನ್ನು ಸ್ಟೀಲಿನ ಅಗಲದಷ್ಟು ಕತ್ತರಿಸಿಕೊಂಡರೆ ಬರುವ ಬಾಗು ಅದು. ಸಾಣೆ ಚಕ್ರದ ಅಂಚನ್ನು ವಜ್ರದ ಮೊನೆಯಿಂದ ಆ ಬಾಗಿಗೆ ಉಜ್ಜಿಕೊಂಡಿರುತ್ತಾರೆ, ಅದು ಸ್ಟೀಲಿನ ಮೇಲೆ ಹಾಗೇ ಅಚ್ಚಾಗುತ್ತದೆ. ಆದ್ದರಿಂದ ಲೆಕ್ಕ ಉಲ್ಟಾ: ಸಂಖ್ಯೆ ಚಿಕ್ಕದಾದಷ್ಟೂ ಗುಳಿ ಆಳ, ಸಂಖ್ಯೆ ದೊಡ್ಡದಾದಷ್ಟೂ ಗುಳಿ ಚಪ್ಪಟೆ. ಹೊಸಬರು ಎಡವುವುದು ಇಲ್ಲೇ. "ನನಗೆ ಕಡಿಮೆ ಬೇಕು" ಅಂತ ಹೇಳಿ 3/8 ಹಾಕಿಸಿಕೊಂಡು ಬರುತ್ತಾರೆ, ಅದು ಎಲ್ಲಕ್ಕಿಂತ ಆಳದ ಸಾಲಿಗೆ ಸೇರುವಂಥದ್ದು.

ಸ್ಟೀಲಿನ ದಪ್ಪ 2.8 ಮಿಲಿಮೀಟರ್ ಅಂತ ಇಟ್ಟುಕೊಂಡು ನಾನೇ ಲೆಕ್ಕ ಹಾಕಿದೆ. 3/8 ಇಂಚಿಗೆ ಗುಳಿಯ ನಿಜವಾದ ಆಳ ಸುಮಾರು 0.10 ಮಿಲಿಮೀಟರ್. ಅರ್ಧ ಇಂಚಿಗೆ 0.077. 5/8ಕ್ಕೆ 0.062. ಮುಕ್ಕಾಲು ಇಂಚಿಗೆ 0.051. ಒಂದು ಇಂಚಿಗೆ 0.039. ಒಂದು ಸಾಮಾನ್ಯ ಹಾಳೆಯ ದಪ್ಪ 0.1 ಮಿಲಿಮೀಟರ್ ಹತ್ತಿರ ಇರುತ್ತದೆ. ಅಂದರೆ ಅರ್ಧ ಇಂಚಿಗೂ ಮುಕ್ಕಾಲು ಇಂಚಿಗೂ ಇರುವ ವ್ಯತ್ಯಾಸ ಒಂದು ಹಾಳೆಯ ಕಾಲು ಭಾಗ! ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸರಿಯಾಗಿ ಸಿಗುವುದಿಲ್ಲ. ಆದರೆ ಐಸಿಗೆ ಇಳಿದ ಮೊದಲ ನಿಮಿಷದಲ್ಲೇ ಕಾಲಿಗೆ ಗೊತ್ತಾಗುತ್ತದೆ.

ಸರಿ, ನನ್ನ ತೂಕಕ್ಕೆ ಯಾವುದು?

ತೂಕ ನೋಡಿ ಔಷಧಿ ಬರೆದ ಹಾಗೆ ಬರೆಯಲು ಆಗುವುದಿಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕು ಅಂತ ಹೇಳಬಹುದು. 85 ಕೆಜಿ ದಾಟಿದವರು 5/8ರಿಂದ ಶುರು ಮಾಡಿ. 100 ದಾಟಿದ್ದರೆ 5/8 ಅಥವಾ ಮುಕ್ಕಾಲು. 115ರ ಮೇಲಿದ್ದರೆ ಮುಕ್ಕಾಲಿನಿಂದ ಶುರು ಮಾಡಿ, ಅಭ್ಯಾಸ ಆದ ಮೇಲೆ 7/8 ಅಥವಾ ಒಂದು ಇಂಚು ನೋಡಿ. ಇದು ನನ್ನ ಮತ್ತು ನನ್ನ ಜೊತೆ ಆಡುವವರ ಅನುಭವದ ಮಾತು. ನಾನು ಮುಕ್ಕಾಲಿನಲ್ಲಿ ನೆಲೆ ನಿಂತಿದ್ದೇನೆ.

ಒಂದೇ ಸಲ ಅರ್ಧದಿಂದ ಒಂದು ಇಂಚಿಗೆ ಹಾರಬೇಡಿ. 1/8 ಇಂಚು ಒಂದು ಮೆಟ್ಟಿಲು ಅಂದುಕೊಳ್ಳಿ. ಒಂದು ಮೆಟ್ಟಿಲು ಹತ್ತಿ, ಮೂರು ನಾಲ್ಕು ಸಲ ಆಡಿ, ಆಮೇಲೆ ಮುಂದಿನ ಮೆಟ್ಟಿಲು. ಮೊದಲ ದಿನ ಯಾವ ಬದಲಾವಣೆಯೂ ಕೆಟ್ಟದಾಗಿಯೇ ಅನಿಸುತ್ತದೆ, ಆ ದಿನದ ತೀರ್ಪನ್ನು ನಂಬಬೇಡಿ.

ತೂಕ ಒಂದೇ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ನಮ್ಮ ತಂಡದಲ್ಲಿ ನನ್ನಷ್ಟೇ ತೂಕದ ಒಬ್ಬರಿದ್ದಾರೆ, ಇಲ್ಲೇ ಹುಟ್ಟಿ ಐದನೇ ವಯಸ್ಸಿನಿಂದ ಆಡಿದವರು. ಅವರು ಅರ್ಧ ಇಂಚಿನಲ್ಲೇ ಆಡುತ್ತಾರೆ, ಬದಲಾಯಿಸುವ ಮನಸ್ಸೂ ಇಲ್ಲ. ಅವರ ತೊಡೆಗೆ ಆ ಬಲ ಇದೆ, ಕಾಲಿಗೆ ಆ ಹಿಡಿತದ ಅಭ್ಯಾಸ ಇದೆ. ದೊಡ್ಡವರಾದ ಮೇಲೆ ಕಲಿಯುವವರ ಕಥೆ ಬೇರೆ.

ಗುಳಿ ಕಡಿಮೆ ಮಾಡಿಸಿದರೆ ಜಾರಿ ಬೀಳುತ್ತೇನಲ್ವಾ?

ಇದೇ ಭಯ ನನ್ನನ್ನೂ ಎರಡು ವರ್ಷ ಹಿಂದಕ್ಕೆ ಇಟ್ಟಿತ್ತು. ಮೊದಲ ವರ್ಷ ಒಂದು ಅಂಗಡಿಯಲ್ಲಿ "ನೀವು ಹೊಸಬರು, ಹಿಡಿತ ಜಾಸ್ತಿ ಇರಲಿ" ಅಂತ ಹೇಳಿ 3/8 ಹಾಕಿ ಕೊಟ್ಟರು. ನಾನೂ ಒಳ್ಳೆಯದೇ ಅಂದುಕೊಂಡೆ. ನಿಲ್ಲಲು ಸ್ಕೇಟನ್ನು ಅಡ್ಡ ತಿರುಗಿಸಿದರೆ ಅದು ಜಾರುವುದೇ ಇಲ್ಲ, ನೆಲಕ್ಕೆ ಮೊಳೆ ಹೊಡೆದ ಹಾಗೆ ಅಲ್ಲೇ ನಿಂತುಬಿಡುತ್ತದೆ. ಸ್ಕೇಟ್ ನಿಂತಿತು, ಮೈ ನಿಲ್ಲಲಿಲ್ಲ, ಮಂಡಿ ತಿರುಚಿಕೊಂಡಿತು. ಆರು ವಾರ ಮನೆಯಲ್ಲಿ ಕೂತೆ. ಆಗ ನಾನು ಬೈದುಕೊಂಡಿದ್ದು ನನ್ನ ಕಾಲನ್ನು, ನನ್ನ ವಯಸ್ಸನ್ನು. ಸಾಣೆಯ ತಪ್ಪು ಅಂತ ಗೊತ್ತಾಗಲು ಇನ್ನೊಂದು ಚಳಿಗಾಲ ಬೇಕಾಯಿತು. ಈ ಪುಟ ಬರೆಯಲು ಮುಖ್ಯ ಕಾರಣವೇ ಅದು, ಇನ್ನೊಬ್ಬರು ಆ ಆರು ವಾರ ಕಳೆಯಬಾರದು.

ಹಾಕಿಯಲ್ಲಿ ನಿಲ್ಲುವುದು ಅಂದರೆ ಅಡ್ಡಕ್ಕೆ ಜಾರುವುದು. ಅಂಚು ಐಸನ್ನು ಕೆರೆದು, ಆ ಕೆರೆತದಲ್ಲಿ ವೇಗ ಇಳಿಯಬೇಕು. ಅಂಚು ಕಚ್ಚಿ ಹಿಡಿದರೆ ಕೆರೆಯುವುದು ಹೇಗೆ? ಮುಕ್ಕಾಲು ಇಂಚಿನಲ್ಲೂ ಅಂಚು ಇದ್ದೇ ಇರುತ್ತದೆ, ಚೂಪಾಗಿಯೇ ಇರುತ್ತದೆ. ಗುಳಿ ಚಪ್ಪಟೆ ಇರುವುದು ಬೇರೆ, ಅಂಚು ಮೊಂಡಾಗಿರುವುದು ಬೇರೆ. ಈ ಎರಡನ್ನು ಗೊಂದಲ ಮಾಡಿಕೊಳ್ಳಬೇಡಿ.

ಈಗಿರುವ ಗುಳಿ ನನಗೆ ಜಾಸ್ತಿ ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ನಿಲ್ಲುವಾಗ ಸ್ಕೇಟ್ ಟಕಟಕ ಅಂತ ಕುಪ್ಪಳಿಸುತ್ತದೆ. ತಿರುವಿನಲ್ಲಿ ಒಂದು ಕಾಲು ತಾನೇ ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ತಳ್ಳಿ ಬಿಟ್ಟ ಮೇಲೆ ಪಕ್ಕದವನು ನಿಮಗಿಂತ ದೂರ ಜಾರಿಕೊಂಡು ಹೋಗುತ್ತಾನೆ. ಆಟ ಮುಗಿದ ಮೇಲೆ ತೊಡೆಯ ಒಳಭಾಗ, ತೊಡೆಸಂದು ನೋಯುತ್ತದೆ. ಹಿಂದಕ್ಕೆ ಸ್ಕೇಟ್ ಮಾಡುವಾಗ ಅಂಚು ಸಿಕ್ಕಿಹಾಕಿಕೊಂಡು ಧೊಪ್ಪನೆ ಬೀಳುತ್ತೀರಿ.

ಇನ್ನೂ ಒಂದು ಗುರುತು ನನಗೆ ತುಂಬಾ ಉಪಯೋಗ ಆಗಿದೆ. ಸಾಣೆ ಹಿಡಿಸಿದ ಹೊಸದರಲ್ಲಿ ಆಟ ಕೆಡುತ್ತದೆ, ಐದಾರು ಸಲ ಆಡಿ ಅಂಚು ಸ್ವಲ್ಪ ಸವೆದ ಮೇಲೆ ಆಹಾ ಅನಿಸುತ್ತದೆ. ಹಾಗಾಗುತ್ತಿದ್ದರೆ ನಿಮಗೆ ಈಗಿನದಕ್ಕಿಂತ ಚಪ್ಪಟೆ ಗುಳಿ ಬೇಕು, ನಿಮ್ಮ ಕಾಲೇ ಅದನ್ನು ಹೇಳುತ್ತಿದೆ.

ಉಲ್ಟಾ ಲಕ್ಷಣವೂ ಇದೆ. ಬಿಗಿ ತಿರುವಿನಲ್ಲಿ ಕಾಲು ಹೊರಕ್ಕೆ ಜಾರಿಹೋಗುತ್ತಿದ್ದರೆ, ತಳ್ಳುವಾಗ ಐಸ್ ಸಿಗದೆ ಕಾಲು ಹಿಂದಕ್ಕೆ ಜಾರುತ್ತಿದ್ದರೆ, ಒಂದು ಮೆಟ್ಟಿಲು ಕೆಳಗಿಳಿಯಿರಿ, ಅಂದರೆ 1/8 ಚಿಕ್ಕ ಸಂಖ್ಯೆ, ಸ್ವಲ್ಪ ಆಳದ ಗುಳಿ.

ಪ್ರೊಫೈಲ್ ಅಂದರೇನು? ಅದೂ ಸಾಣೆಯೇ ಅಲ್ವಾ?

ಅಲ್ಲ. ಹಾಲೋ ಅಂದರೆ ಸ್ಟೀಲಿನ ಅಗಲಕ್ಕೆ ಇರುವ ಬಾಗು. ಪ್ರೊಫೈಲ್ ಅಂದರೆ ಉದ್ದಕ್ಕೆ ಇರುವ ಬಾಗು. ಸ್ಕೇಟನ್ನು ಗಾಜಿನ ಟೇಬಲ್ ಮೇಲಿಟ್ಟು ಪಕ್ಕದಿಂದ ನೋಡಿ, ಸ್ಟೀಲ್ ಪೂರ್ತಿ ತಾಗುವುದಿಲ್ಲ, ತೊಟ್ಟಿಲಿನ ಹಾಗೆ ಮುಂದೆ ಹಿಂದೆ ತೂಗುತ್ತದೆ. ಈ ಬಾಗನ್ನು ಅಡಿಗಳಲ್ಲಿ ಹೇಳುತ್ತಾರೆ. 9 ಅಡಿ, 10 ಅಡಿ, 11 ಅಡಿ, 13 ಅಡಿ. ಹತ್ತು ಅಡಿ ಅಂದರೆ ಸುಮಾರು ಮೂರು ಮೀಟರ್ ತ್ರಿಜ್ಯದ ದೊಡ್ಡ ವೃತ್ತದ ಒಂದು ತುಣುಕು. ಸಂಖ್ಯೆ ಚಿಕ್ಕದಿದ್ದರೆ ಬಾಗು ಜಾಸ್ತಿ, ಐಸಿಗೆ ತಾಗುವ ಉದ್ದ ಕಡಿಮೆ, ಥಟ್ಟನೆ ತಿರುಗಬಹುದು. ಸಂಖ್ಯೆ ದೊಡ್ಡದಿದ್ದರೆ ಸ್ಟೀಲ್ ಚಪ್ಪಟೆ, ತಾಗುವ ಉದ್ದ ಜಾಸ್ತಿ, ನೆಟ್ಟಗೆ ಹೋಗುವಾಗ ಗಟ್ಟಿ.

ಸಾಣೆಯನ್ನು ಆಗಾಗ ಹಿಡಿಸುತ್ತೀರಿ. ಪ್ರೊಫೈಲನ್ನು ಅಪರೂಪಕ್ಕೆ ಮಾಡಿಸುತ್ತೀರಿ. ಅದು ಸ್ಟೀಲನ್ನೇ ಕೆತ್ತಿ ಹೊಸ ಆಕಾರ ಕೊಡುವ ಕೆಲಸ. ಹೋದ ಸ್ಟೀಲ್ ವಾಪಸ್ ಬರುವುದಿಲ್ಲ.

ಭಾರ ಇರುವವರಿಗೆ ಎಷ್ಟು ಅಡಿಯ ಪ್ರೊಫೈಲ್?

10 ಅಡಿಗಿಂತ ಕೆಳಗೆ ಹೋಗಬೇಡಿ, 11 ಚೆನ್ನಾಗಿರುತ್ತದೆ, ನೀವು ಡಿಫೆನ್ಸ್ ಆಡುವವರಾದರೆ 12, 13 ಕೂಡ ನೋಡಬಹುದು. ತಾಗುವ ಉದ್ದ ಜಾಸ್ತಿ ಆದರೆ ಅದೇ ಭಾರ ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತದೆ, ಸ್ಟೀಲ್ ಅಷ್ಟು ಇಳಿಯುವುದಿಲ್ಲ, ಜಾರುವುದು ಸಲೀಸು. ಯಾರಾದರೂ ಬಂದು ಡಿಕ್ಕಿ ಹೊಡೆದಾಗ ಮುಂದಕ್ಕೋ ಹಿಂದಕ್ಕೋ ವಾಲುವುದೂ ಕಡಿಮೆ.

ಆದರೆ 9ರಿಂದ 13ಕ್ಕೆ ಹೋದರೆ ಏನೋ ದೊಡ್ಡ ಪವಾಡ ಆಗುತ್ತದೆ ಅಂದುಕೊಳ್ಳಬೇಡಿ. ಅಷ್ಟೇ ಆಳ ಇಳಿದರೆ ತಾಗುವ ಉದ್ದ ತ್ರಿಜ್ಯದ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. 13ನ್ನು 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 1.2 ಬರುತ್ತದೆ. ಸಂಖ್ಯೆಯಲ್ಲಿ 44 ಶೇಕಡಾ ಏರಿದರೂ ಐಸಿಗೆ ತಾಗುವ ಉದ್ದ ಏರುವುದು 20 ಶೇಕಡಾ ಮಾತ್ರ. 10ರಿಂದ 11ಕ್ಕೆ ಹೋದರೆ 5 ಶೇಕಡಾ ಕೂಡ ಇಲ್ಲ. ಆದ್ದರಿಂದ ತೂಕ ಇರುವವರು ಮೊದಲು ಹಾಲೋ ಸರಿ ಮಾಡಿಕೊಳ್ಳಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಲೋಗೆ ಹತ್ತು ಡಾಲರಿನ ಆಸುಪಾಸು ಖರ್ಚು, ಇಷ್ಟ ಆಗದಿದ್ದರೆ ಮುಂದಿನ ಸಾಣೆಗೆ ಸರಿ ಹೋಗುತ್ತದೆ. ಪ್ರೊಫೈಲಿಗೆ ಅದರ ಹಲವು ಪಟ್ಟು ದುಡ್ಡು.

ಎರಡನ್ನೂ ಒಂದೇ ದಿನ ಬದಲಾಯಿಸಲೇಬೇಡಿ. ಚೆನ್ನಾಗಾದರೆ ಯಾವುದರಿಂದ ಆಯಿತು ಗೊತ್ತಾಗುವುದಿಲ್ಲ, ಕೆಟ್ಟರೂ ಗೊತ್ತಾಗುವುದಿಲ್ಲ.

ಕ್ವಾಡ್, ಎಲಿಪ್ಸ್ ಅಂತೆಲ್ಲ ಹೇಳುತ್ತಾರೆ, ಅದೇನು?

ಸ್ಟೀಲಿನ ಪೂರ್ತಿ ಉದ್ದಕ್ಕೂ ಒಂದೇ ಬಾಗು ಯಾಕೆ ಇರಬೇಕು ಅಂತ ಯೋಚಿಸಿದವರ ಕೆಲಸ ಅದು. ಕ್ವಾಡ್ ಅನ್ನುವುದು ಸ್ವೀಡನ್ನಿನ ಪ್ರೊಶಾರ್ಪ್ ಕಂಪನಿಯದ್ದು, ನಾಲ್ಕು ಬೇರೆ ಬೇರೆ ತ್ರಿಜ್ಯಗಳು ಒಂದೇ ಸ್ಟೀಲಿನಲ್ಲಿ. ಬೆರಳಿನ ಕಡೆ ಬಾಗು ಜಾಸ್ತಿ, ಹಿಮ್ಮಡಿಯ ಕಡೆಗೆ ಹೋದ ಹಾಗೆ ಚಪ್ಪಟೆ. ಮುಂದೆ ಬಾಗು ಇರುವುದರಿಂದ ಥಟ್ಟನೆ ತಿರುಗಬಹುದು, ಹಿಂದೆ ಚಪ್ಪಟೆ ಇರುವುದರಿಂದ ನಿಂತಾಗ, ಜಾರುವಾಗ, ಹಿಂದಕ್ಕೆ ಹೋಗುವಾಗ ಗಟ್ಟಿ ನೆಲೆ. ಎಲಿಪ್ಸ್‌ನಲ್ಲಿ ಬಾಗು ತುಂಡು ತುಂಡಾಗಿ ಅಲ್ಲ, ಒಂದೇ ಓಟದಲ್ಲಿ ಬದಲಾಗುತ್ತಾ ಹೋಗುತ್ತದೆ.

ಭಾರ ಇರುವವರಿಗೆ ಇದು ನಿಜಕ್ಕೂ ಹೊಂದುತ್ತದೆ. ಒಂದೇ ತ್ರಿಜ್ಯದಲ್ಲಿ ಸ್ಥಿರತೆ ಬೇಕೆಂದರೆ ತಿರುಗುವುದನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ, ಇಲ್ಲಿ ಅಷ್ಟು ಬಿಟ್ಟುಕೊಡಬೇಕಿಲ್ಲ. ಕ್ವಾಡ್‌ನಲ್ಲೂ ಸಂಖ್ಯೆಗಳಿವೆ, ಅದನ್ನು ಮುಖ್ಯವಾಗಿ ಸ್ಟೀಲಿನ ಉದ್ದ ನೋಡಿ ಆರಿಸುತ್ತಾರೆ, ಉದ್ದ ಜಾಸ್ತಿ ಇದ್ದರೆ ದೊಡ್ಡ ಸಂಖ್ಯೆ. ನಿಮ್ಮ ಸ್ಟೀಲ್ 280 ಮಿಲಿಮೀಟರೋ 288 ಮಿಲಿಮೀಟರೋ ಅನ್ನುವುದು ಅದರ ಮೇಲೆಯೇ ಇಲ್ಲ ಹೋಲ್ಡರ್ (ಸ್ಟೀಲನ್ನು ಬೂಟಿಗೆ ಹಿಡಿದಿಡುವ ಪ್ಲಾಸ್ಟಿಕ್) ಮೇಲೆ ಬರೆದಿರುತ್ತದೆ, ನೋಡಿ ಬರೆದಿಟ್ಟುಕೊಳ್ಳಿ. ಎರಡು ಅಳತೆಯ ನಡುವೆ ತೂಗಾಡುತ್ತಿದ್ದರೆ ತೂಕ ಇರುವವರು ದೊಡ್ಡದನ್ನೇ ಆರಿಸಿ.

ಪಿಚ್ ಮುಟ್ಟಬೇಕಾ?

ಪಿಚ್ ಅಂದರೆ ಸ್ಟೀಲಿನ ಬಾಗಿನ ನಡುಬಿಂದು ಮುಂದಿದೆಯೋ ಹಿಂದಿದೆಯೋ, ಅಂದರೆ ಸ್ಕೇಟ್ ನಿಮ್ಮನ್ನು ಎಷ್ಟು ಮುಂದಕ್ಕೆ ವಾಲಿಸುತ್ತದೆ ಅನ್ನುವುದು. ಹೊಟ್ಟೆ ಸ್ವಲ್ಪ ಮುಂದೆ ಇರುವವರಿಗೆ ಮೈಭಾರ ಮೊದಲೇ ಮುಂದಿರುತ್ತದೆ, ಅದರ ಮೇಲೆ ಮುಂದಕ್ಕೆ ವಾಲಿಸುವ ಪಿಚ್ ಹಾಕಿಸಿದರೆ ಬೆರಳ ತುದಿಯ ಮೇಲೆ ಮುಗ್ಗರಿಸುತ್ತೀರಿ. ಸಮ ಪಿಚ್‌ನಲ್ಲೇ ಇರಿ.

ಫ್ಲಾಟ್ ಬಾಟಮ್ ವಿ ಹಾಕಿಸಿದರೆ ಹೇಗೆ?

ಬ್ಲ್ಯಾಕ್‌ಸ್ಟೋನ್ ಕಂಪನಿಯವರ ಸಾಣೆ ವಿಧಾನ ಅದು. ಗುಂಡಗಿನ ಗುಳಿಯ ಬದಲು ನಡುವೆ ಸಮತಟ್ಟು, ಎರಡು ಬದಿಯಲ್ಲಿ ಸಣ್ಣ ಕೋರೆಹಲ್ಲಿನ ಹಾಗೆ ಅಂಚು. 100/50, 90/75 ಅಂತ ಸಂಖ್ಯೆ ಇರುತ್ತದೆ. ಮೊದಲನೆಯದು ಸಮತಟ್ಟಿನ ಅಗಲ, ಎರಡನೆಯದು ಅಂಚಿನ ಎತ್ತರ. ಎರಡನೇ ಸಂಖ್ಯೆ ಜಾಸ್ತಿ ಆದರೆ ಕಚ್ಚುವುದು ಜಾಸ್ತಿ. ತೂಕ ಇರುವವರಿಗೆ 100/50 ಒಳ್ಳೆಯ ಶುರು. ನಡುವಿನ ಸಮತಟ್ಟು ಭಾರವನ್ನು ಹೊತ್ತುಕೊಳ್ಳುತ್ತದೆ, ಜಾರುವುದು ಚೆನ್ನಾಗಿರುತ್ತದೆ. ಕಷ್ಟ ಏನೆಂದರೆ ಎಲ್ಲಾ ಅಂಗಡಿಯಲ್ಲೂ ಆ ಯಂತ್ರ ಇರುವುದಿಲ್ಲ. ಬೇರೆ ಊರಿಗೆ ಪಂದ್ಯಕ್ಕೆ ಹೋದಾಗ ಅಂಚು ಹೋದರೆ ಪರದಾಟ. ನಾನು ಅದಕ್ಕೇ ಗುಂಡಗಿನದಕ್ಕೆ ವಾಪಸ್ ಬಂದೆ.

ಸಾಣೆ ಸರಿಯಾಗಿ ಹಿಡಿದಿದ್ದಾರಾ ಅಂತ ನಾನೇ ನೋಡಬಹುದಾ?

ನೋಡಲೇಬೇಕು, ಅಂಗಡಿಯ ಬಾಗಿಲು ದಾಟುವ ಮೊದಲೇ ನೋಡಬೇಕು. ಗುಳಿ ಎಷ್ಟು ಅನ್ನುವುದಕ್ಕಿಂತ ಎರಡೂ ಅಂಚು ಒಂದೇ ಎತ್ತರದಲ್ಲಿ ಇವೆಯಾ ಅನ್ನುವುದು ಮುಖ್ಯ. ಒಳ ಅಂಚು ಎತ್ತರ, ಹೊರ ಅಂಚು ತಗ್ಗು ಆಗಿದ್ದರೆ ಒಂದು ಕಡೆ ತಿರುಗುವಾಗ ಕಾಲು ಕೈಕೊಡುತ್ತದೆ. ಹಗುರ ಇರುವವರು ಹೇಗೋ ಸಂಭಾಳಿಸುತ್ತಾರೆ. ನೂರು ಕೆಜಿ ಮೇಲಿಂದ ಬಂದಾಗ ಸಂಭಾಳಿಸಲು ಸಮಯವೇ ಇರುವುದಿಲ್ಲ.

ಸ್ಕೇಟನ್ನು ತಲೆಕೆಳಗೆ ಹಿಡಿದು, ಸ್ಟೀಲಿನ ಮೇಲೆ ಅಡ್ಡಕ್ಕೆ ಒಂದು ನಾಣ್ಯ ಇಟ್ಟು ಹಿಮ್ಮಡಿಯ ಕಡೆಯಿಂದ ಕಣ್ಣಿನ ಮಟ್ಟಕ್ಕೆ ತಂದು ನೋಡಿ. ನಾಣ್ಯವೂ ಸ್ಟೀಲೂ ನೆಟ್ಟಗೆ ಇಂಗ್ಲಿಷಿನ ಟೀ ಅಕ್ಷರದ ಹಾಗೆ ಕಾಣಬೇಕು. ನಾಣ್ಯ ಒಂದು ಕಡೆ ವಾಲಿದರೆ ಅಂಚು ಸಮ ಇಲ್ಲ. ಮುಂದೆ, ನಡುವೆ, ಹಿಂದೆ, ಮೂರು ಕಡೆ ನೋಡಿ. ಇದಕ್ಕೆಂದೇ ಅಯಸ್ಕಾಂತ ಇರುವ ಸಣ್ಣ ಅಳತೆಪಟ್ಟಿ ಸಿಗುತ್ತದೆ, ತೆಗೆದುಕೊಂಡರೆ ಜೀವನಪೂರ್ತಿ ಬರುತ್ತದೆ. ಆಮೇಲೆ ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ, ತೆಳ್ಳಗೆ ಸಿಪ್ಪೆ ಏಳಬೇಕು. ಎರಡೂ ಅಂಚಿನಲ್ಲಿ, ಎರಡೂ ಸ್ಕೇಟಿನಲ್ಲಿ.

ಸರಿ ಇಲ್ಲದಿದ್ದರೆ ಮುಲಾಜಿಲ್ಲದೆ ವಾಪಸ್ ಕೊಡಿ. ದುಡ್ಡು ಕೊಟ್ಟಿದ್ದೀರಿ, ಬೀಳುವವರೂ ನೀವೇ.

ಎಷ್ಟು ದಿನಕ್ಕೊಮ್ಮೆ ಸಾಣೆ?

ದಿನ ಲೆಕ್ಕ ಹಾಕಬೇಡಿ, ಐಸ್ ಮೇಲಿನ ಗಂಟೆ ಲೆಕ್ಕ ಹಾಕಿ. ನಾನು ಎಂಟು ಗಂಟೆ ಆಡಿದ ಮೇಲೆ ಹಿಡಿಸುತ್ತೇನೆ. ಭಾರಕ್ಕೆ ಅಂಚು ಬೇಗ ಮಡಚಿಕೊಳ್ಳುತ್ತದೆ. ಪೂರ್ತಿ ಸಾಣೆ ಬೇಡ ಅನ್ನುವಾಗ ಜೇಬಿನಲ್ಲಿ ಇಟ್ಟುಕೊಳ್ಳುವ ಸಣ್ಣ ಸಾಣೆಕಲ್ಲಿನಿಂದ ಸ್ಟೀಲಿನ ಪಕ್ಕದ ಗೋಡೆಗೆ ಸಮವಾಗಿ ಒತ್ತಿ ನಾಲ್ಕು ಸಲ ಎಳೆದರೆ ಮಡಚಿದ ಅಂಚು ನೆಟ್ಟಗಾಗುತ್ತದೆ. ಮನೆಯಲ್ಲಿ ಅಜ್ಜಿ ಮೆಟ್ಟುಗತ್ತಿಯನ್ನು ಕಲ್ಲಿಗೆ ಎರಡು ಸಲ ತೀಡಿ ಕೂರುತ್ತಿದ್ದರಲ್ಲ, ಅದೇ ಕೆಲಸ.

ಅಂಚು ಹಾಳಾಗುವುದು ಐಸಿನಲ್ಲಿ ಮಾತ್ರ ಅಲ್ಲ, ಅದರ ಹೊರಗೂ. ರಬ್ಬರ್ ಹಾಸಿನ ಮೇಲೆ ನಡೆದರೆ ತೊಂದರೆ ಇಲ್ಲ, ಸಿಮೆಂಟ್ ಮೇಲೆ ಎರಡು ಹೆಜ್ಜೆ ಇಟ್ಟರೂ ಹೊಸ ಸಾಣೆ ಮುಗಿದ ಹಾಗೆ. ಆಟ ಮುಗಿದ ತಕ್ಷಣ ಸ್ಟೀಲನ್ನು ಬಟ್ಟೆಯಿಂದ ಒರೆಸಿ, ಬಟ್ಟೆಯ ಕವರ್ ಹಾಕಿ. ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ನಡೆಯಲು ಮಾತ್ರ. ಅದನ್ನು ಹಾಕಿ ಚೀಲದಲ್ಲಿಟ್ಟರೆ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ.

ಮನೆಯಲ್ಲೇ ಯಂತ್ರ ಇಟ್ಟುಕೊಂಡರೆ?

ಮನೆಯಲ್ಲಿ ಇಬ್ಬರು ಮೂವರು ಆಡುತ್ತಿದ್ದರೆ ಖಂಡಿತ ಯೋಚಿಸಿ. ಸ್ಪಾರ್ಕ್ಸ್ ಅನ್ನುವ ಯಂತ್ರ ನಮ್ಮಲ್ಲಿ ತುಂಬಾ ಮನೆಗಳ ಗ್ಯಾರೇಜಿನಲ್ಲಿದೆ. ಸಾವಿರ ಡಾಲರ್ ದಾಟುತ್ತದೆ, ಸಣ್ಣ ದುಡ್ಡಲ್ಲ. ಒಂದೊಂದು ಹಾಲೋ ಅಳತೆಗೆ ಒಂದೊಂದು ರಿಂಗ್ (ಉಜ್ಜುವ ಸಾಣೆ ಚಕ್ರ), ಒಂದು ರಿಂಗ್ 320 ಸುತ್ತು ಬರುತ್ತದೆ. ಒಂದು ಸ್ಟೀಲಿಗೆ ನಾಲ್ಕು ಸುತ್ತು ಅಂದರೆ 40 ಜೋಡಿ ಸಾಣೆ. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ದುಡ್ಡಿನದ್ದಲ್ಲ. ಪ್ರತಿ ಸಲ ಒಂದೇ ಥರ ಬರುತ್ತದೆ. ಇವತ್ತು ಒಬ್ಬ ಹುಡುಗ, ನಾಳೆ ಇನ್ನೊಬ್ಬ ಹುಡುಗ ಹಿಡಿದ ಸಾಣೆಯಲ್ಲಿ ಆಡಿ ಹೈರಾಣಾಗುವುದು ತಪ್ಪುತ್ತದೆ. ಅರ್ಧದಿಂದ ಮುಕ್ಕಾಲಿಗೆ ಹೋಗುವ ಮೊದಲ ಸಲ ಜಾಸ್ತಿ ಸುತ್ತು ಬೇಕು, ಹಳೆಯ ಗುಳಿ ಪೂರ್ತಿ ಹೋಗಬೇಕಲ್ಲ. ಕೊಂಡ ದಿನ ಯಂತ್ರವನ್ನು ಸ್ಟೀಲಿನ ನಡುವಿಗೆ ಸರಿಯಾಗಿ ಹೊಂದಿಸಿ, ನಾಣ್ಯದ ಪರೀಕ್ಷೆ ಅದಕ್ಕೂ ಅನ್ವಯ.

ಒಂದೊಂದು ರಿಂಕಿನಲ್ಲಿ ಒಂದೊಂದು ಥರ ಅನಿಸುತ್ತದೆ, ಭ್ರಮೆಯಾ?

ಭ್ರಮೆ ಅಲ್ಲ. ಐಸ್ ತಣ್ಣಗಿದ್ದಷ್ಟೂ ಗಟ್ಟಿ. ಫಿಗರ್ ಸ್ಕೇಟಿಂಗ್‌ಗೆ ಇಡುವ ಐಸ್ ಸ್ವಲ್ಪ ಬೆಚ್ಚಗೆ, ಮೆದು. ಹಾಕಿಗೆ ಇಡುವುದು ಅದಕ್ಕಿಂತ ತಣ್ಣಗೆ. ಮೆದು ಐಸಿನಲ್ಲಿ ಭಾರ ಇರುವವರು ಇನ್ನೂ ಇಳಿಯುತ್ತಾರೆ, ಅಲ್ಲಿ ಚಪ್ಪಟೆ ಗುಳಿಯ ಲಾಭ ಎದ್ದು ಕಾಣುತ್ತದೆ. ಜನವರಿಯಲ್ಲಿ ಹೊರಗೆ ಮೈನಸ್ ಹದಿನೈದರಲ್ಲಿ ಹಿತ್ತಲ ಐಸ್ ಮೇಲೆ ಆಡಿದರೆ ಅದು ಕಲ್ಲಿನ ಹಾಗೆ ಇರುತ್ತದೆ, ಮುಕ್ಕಾಲು ಇಂಚು ಅಲ್ಲಿ ಜಾರುತ್ತದೆ. ನಾನು ಹೊರಗಿನ ಆಟಕ್ಕೆ ಇನ್ನೊಂದು ಜೋಡಿ ಹಳೆಯ ಸ್ಟೀಲ್ ಇಟ್ಟಿದ್ದೇನೆ, 5/8ರಲ್ಲಿ.

ಸಾಣೆ ಎಲ್ಲಾ ಸರಿ, ಆದರೂ ಕಾಲು ಅಲ್ಲಾಡುತ್ತದೆ.

ಹಾಗಾದರೆ ಸ್ಟೀಲಿನ ಮೇಲೆ ನೋಡಿ. ಬೂಟು ಮೆದುವಾಗಿದ್ದರೆ ಭಾರಕ್ಕೆ ಕಣಕಾಲಿನ ಹತ್ತಿರ ಕುಸಿಯುತ್ತದೆ. ಅಗ್ಗದ ಬೂಟು ಕಂಪನಿಯವರು ಕಡಿಮೆ ತೂಕದವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಹಾಗಿರುತ್ತದೆ. ತೂಕ ಇರುವವರು ಹೊಸಬರಾದರೂ ನಡುಮಟ್ಟದ ಗಟ್ಟಿ ಬೂಟನ್ನೇ ಕೊಳ್ಳಿ. ಅಳತೆ ನಿಮ್ಮ ಶೂಗಿಂತ ಒಂದು, ಒಂದೂವರೆ ಕಡಿಮೆ ಇರುತ್ತದೆ, ಹೆದರಬೇಡಿ. ನಮ್ಮವರಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ಅಗಲ ಪಾದ ಸಾಮಾನ್ಯ. ಬೌಯರ್ ಕಂಪನಿಯ ಸ್ಕೇಟಿನಲ್ಲಿ ಫಿಟ್ 1, 2, 3 ಅಂತ ಇದೆ, 3 ಎಲ್ಲಕ್ಕಿಂತ ಅಗಲ.

ಹೋಲ್ಡರಿನ ರಿವೆಟ್ ಸಡಿಲ ಆಗಿದೆಯಾ, ಪ್ಲಾಸ್ಟಿಕ್ ಬಿರುಕು ಬಿಟ್ಟಿದೆಯಾ, ಸ್ಟೀಲನ್ನು ಕೈಯಲ್ಲಿ ಅಲ್ಲಾಡಿಸಿದರೆ ಟಕ್ ಅನ್ನುತ್ತದೆಯಾ ನೋಡಿ. ತಿಂಗಳಿಗೊಮ್ಮೆ ನೋಡಿ. ಇನ್ನೊಂದು ವಿಷಯ: ಸಾಣೆ ಹಿಡಿದು ಹಿಡಿದು ಸ್ಟೀಲಿನ ಎತ್ತರ ಇಳಿದ ಮೇಲೆ ಬಿಗಿ ತಿರುವಿನಲ್ಲಿ ಬಾಗಿದಾಗ ಹೋಲ್ಡರಿನ ಪ್ಲಾಸ್ಟಿಕ್ಕೇ ಐಸಿಗೆ ತಾಗಿ ಅಂಚು ಎದ್ದುಬಿಡುತ್ತದೆ. ಅಗಲ ಬೂಟಿನವರಿಗೆ ಇದು ಬೇಗ ಆಗುತ್ತದೆ. ಆಗ ಹೊಸ ಸ್ಟೀಲ್ ಹಾಕಿಸುವುದೇ ದಾರಿ.

ಡಿಫೆನ್ಸ್, ಫಾರ್ವರ್ಡ್, ಗೋಲಿಗೆ (ಗೋಲ್ ಕೀಪರಿಗೆ) ಬೇರೆ ಬೇರೆಯಾ?

ಗೋಲಿ ಸ್ಕೇಟಿನ ಸ್ಟೀಲ್ ದಪ್ಪ, ತುಂಬಾ ಚಪ್ಪಟೆ, ಅದರ ಲೆಕ್ಕವೇ ಬೇರೆ, ಇಲ್ಲಿನ ಸಂಖ್ಯೆ ಅದಕ್ಕೆ ಬಳಸಬೇಡಿ. ಉಳಿದ ಇಬ್ಬರಿಗೆ ಹಾಲೋದಲ್ಲಿ ವ್ಯತ್ಯಾಸ ಬೇಕಿಲ್ಲ, ಪ್ರೊಫೈಲಿನಲ್ಲಿ ಡಿಫೆನ್ಸಿನವರು ಒಂದು ಅಡಿ ಜಾಸ್ತಿ ಇಟ್ಟುಕೊಳ್ಳಬಹುದು.

ಊರಲ್ಲಿ ರೋಲರ್ ಸ್ಕೇಟಿಂಗ್ ಮಾಡಿದ್ದೇನೆ. ನನಗೆ ಹಿಡಿತ ಜಾಸ್ತಿ ಇದ್ದರೆ ಒಳ್ಳೆಯದಲ್ವಾ?

ಬೆಂಗಳೂರು, ಬೆಳಗಾವಿ ಕಡೆಯಿಂದ ಬಂದವರಲ್ಲಿ ಇದನ್ನು ಕೇಳುವವರು ಜಾಸ್ತಿ. ಅವರಿಗೆ ತಳ್ಳುವುದು, ದಾಟುಹೆಜ್ಜೆ, ಸಮತೋಲ ಎಲ್ಲಾ ಮೊದಲೇ ಬಂದಿರುತ್ತದೆ, ಭಾಗ್ಯ ಅದು. ಬರದೇ ಇರುವುದು ನಿಲ್ಲುವುದೊಂದೇ. ಚಕ್ರ ನೆಲವನ್ನು ಬಿಡದೆ ಹಿಡಿಯುತ್ತದೆ, ಕಾಲಿಗೆ ಆ ಹಿಡಿತದ ಅಭ್ಯಾಸ ಆಗಿರುತ್ತದೆ, ಅದಕ್ಕೇ ಐಸಿನಲ್ಲೂ ಅದನ್ನೇ ಹುಡುಕುತ್ತಾರೆ. ಆದರೆ ಇಲ್ಲಿ ಅಡ್ಡಕ್ಕೆ ಜಾರಲು ಕಲಿಯಬೇಕು. ಚಪ್ಪಟೆ ಗುಳಿ ಇದ್ದರೆ ಆ ಪಾಠ ಬೇಗ ಬರುತ್ತದೆ. ಕೊಡಗಿನಿಂದ ಬಂದ ಗೆಳೆಯ ಒಬ್ಬ ಇದ್ದಾನೆ, ಊರಿನ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಆಡಿದವನು, ಕೋಲು ಅವನ ಕೈಯ ಮುಂದುವರಿದ ಭಾಗ ಇದ್ದ ಹಾಗೆ. 98 ಕೆಜಿ. ಅರ್ಧ ಇಂಚಿನಲ್ಲಿ ಇಡೀ ಒಂದು ಸೀಸನ್ ನಿಲ್ಲಲು ಬರದೆ ರಿಂಕಿನ ಸುತ್ತಲಿನ ಬೋರ್ಡಿಗೆ ಹೋಗಿ ಗುದ್ದಿ ನಿಲ್ಲುತ್ತಿದ್ದ. ಮುಕ್ಕಾಲಿಗೆ ಬದಲಾಯಿಸಿದ ಮೂರನೇ ವಾರ ಎಡಗಡೆಗೆ ನಿಂತ, ತಿಂಗಳಲ್ಲಿ ಬಲಗಡೆಗೂ.

ಭಾರತದಲ್ಲಿ ಆಡುವಾಗ ಏನು ಮಾಡಲಿ?

ಲೇಹ್‌ನಲ್ಲಿ ಚಳಿಗಾಲದಲ್ಲಿ ಆಡಿಸುತ್ತಾರೆ, ಸುಮಾರು 3,500 ಮೀಟರ್ ಎತ್ತರದಲ್ಲಿ. ಸಹಜವಾಗಿ ಹೆಪ್ಪುಗಟ್ಟಿದ ಐಸ್ ಬೆಳಿಗ್ಗೆ ತುಂಬಾ ಗಟ್ಟಿ, ಬಿಸಿಲೇರಿದ ಹಾಗೆ ಮೆದು. ಅಂಥ ಕಡೆಗೆ 5/8 ಇಟ್ಟುಕೊಂಡು ಹೋಗಿ. ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ ಒಳಾಂಗಣ ರಿಂಕ್ ಇದೆ. ಎಲ್ಲಿಗೇ ಹೋದರೂ ನೀವು ಬಯಸುವ ಸಾಣೆ ಅಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಸಾಣೆ ಹಿಡಿಸಿದ ಇನ್ನೊಂದು ಜೋಡಿ ಸ್ಟೀಲ್ ಮತ್ತು ಜೇಬಿನ ಸಾಣೆಕಲ್ಲು ಚೀಲದಲ್ಲಿರಲಿ. ವಿಮಾನದಲ್ಲಿ ಸ್ಕೇಟನ್ನು ಚೆಕ್-ಇನ್ ಸಾಮಾನಿಗೇ ಹಾಕಿ, ಅನುಮತಿಯ ಗೊಂದಲ ಬೇಡ.

ಅಂಗಡಿಯಲ್ಲಿ ಏನಂತ ಹೇಳಬೇಕು?

"ಶಾರ್ಪನ್ ಮಾಡಿ" ಅಂತ ಮಾತ್ರ ಹೇಳಿ ಸ್ಕೇಟ್ ಕೊಟ್ಟು ಬರಬೇಡಿ. "ಮುಕ್ಕಾಲು ಇಂಚು, ಮೊದಲು ಅರ್ಧ ಇತ್ತು, ಅಂಚು ಸಮ ಇದೆಯಾ ನೋಡಿ ಕೊಡಿ" ಅಂತ ಇಷ್ಟು ಹೇಳಿ. ಮೊದಲು ಎಷ್ಟಿತ್ತು ಅನ್ನುವುದನ್ನು ಹೇಳಿದರೆ ಅವರು ಹಳೆಯ ಗುಳಿ ಪೂರ್ತಿ ಹೋಗುವವರೆಗೆ ಉಜ್ಜುತ್ತಾರೆ, ಇಲ್ಲದಿದ್ದರೆ ಎರಡು ಸಲ ಎಳೆದು ಕೊಟ್ಟುಬಿಡುತ್ತಾರೆ, ಆಗ ನಡುವೆ ಹಳೆಯ ಗುಳಿ, ಅಂಚಿನ ಹತ್ತಿರ ಹೊಸದು ಆಗಿರುತ್ತದೆ. ಪ್ರೊಫೈಲ್ ಮಾಡಿಸಿದ್ದರೆ ಅದನ್ನೂ ಹೇಳಿ, ಕೈಯಿಂದ ಸಾಣೆ ಹಿಡಿಯುವವರು ಬೆರಳು ಮತ್ತು ಹಿಮ್ಮಡಿಯ ತುದಿಯಲ್ಲಿ ಜಾಸ್ತಿ ಒತ್ತಿದರೆ ಆ ಆಕಾರ ನಿಧಾನಕ್ಕೆ ಹಾಳಾಗುತ್ತದೆ. ಒಳ್ಳೆಯ ಸಾಣೆಯವರು ಒಬ್ಬರು ಸಿಕ್ಕರೆ ಅವರನ್ನು ಬಿಡಬೇಡಿ, ಅವರು ಇರುವ ದಿನ ಕೇಳಿಕೊಂಡು ಹೋಗಿ. ನಾನು ಈಗ ಹೋಗುವ ಅಜ್ಜ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಇರುತ್ತಾರೆ, ನನ್ನ ಸ್ಕೇಟ್ ನೋಡಿದರೆ ಸಾಕು, ಸಂಖ್ಯೆ ಕೇಳುವುದಿಲ್ಲ.

ಹೊಸ ಸ್ಕೇಟ್ ಡಬ್ಬಿಯಿಂದ ತೆಗೆದು ಹಾಗೇ ಆಡಬಹುದಾ?

ಬೇಡ. ಹೊಸ ಸ್ಟೀಲಿಗೆ ಸಾಮಾನ್ಯವಾಗಿ ಆಡುವಂಥ ಅಂಚು ಇರುವುದಿಲ್ಲ, ಮೊದಲ ಸಾಣೆ ಆಗಬೇಕು. ಅದೇ ಒಳ್ಳೆಯ ಸಮಯ, ಅಳಿಸಬೇಕಾದ ಹಳೆಯ ಗುಳಿ ಇಲ್ಲ, ಮರೆಯಬೇಕಾದ ಅಭ್ಯಾಸವೂ ಇಲ್ಲ. ಅಂಗಡಿಯವರು ಸ್ಕೇಟಿನ ಜೊತೆ ಮೊದಲ ಸಾಣೆ ಉಚಿತ ಅಂತ ಒಳಗೆ ತೆಗೆದುಕೊಂಡು ಹೋಗುವಾಗಲೇ ತಡೆದು ನಿಮ್ಮ ಸಂಖ್ಯೆ ಹೇಳಿ.